ಎರಡು ಸ್ಪೀಕರು, ಒಂದು ಶಾಲು

ಎಲ್ಲ ಶುರುವಾದದ್ದು ಎರಡು ಖಾಲಿ ಗೋಣಿಚೀಲದಿಂದ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಕರಿಬಸಪ್ಪ ಶಿಗ್ಗಾಂವದ ಬಸ್ ನಿಲ್ದಾಣದ ಕಡೆ ಹೊರಟಾಗ ಆ ಚೀಲಗಳು ಅವನ ಕಂಕುಳಲ್ಲಿದ್ದವು, ಕೈಯಲ್ಲಿ ಒಂದು ಉಂಡೆ ಸುತಳಿ ಇತ್ತು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾದವನು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಖಾಲಿ ಚೀಲ ಹಿಡಿದು ಊರು ಬಿಡುತ್ತಾನೆಂದರೆ ಓಣಿಯ ಜನಕ್ಕೆ ಅದು ಸಣ್ಣ ಸಂಗತಿಯಲ್ಲ. ಅದು ಗೊತ್ತಿದ್ದೇ ಅವನು ಎಲ್ಲರೂ ಚಹಾ ಕುಡಿಯುವ ಹೊತ್ತು ನೋಡಿ ಹೊರಬಿದ್ದಿದ್ದ. ಆದರೆ ಪಕ್ಕದ ಮನೆಯ ಸುನೀಲ ಚಹಾ ಮುಗಿಸಿ ತನ್ನ ಟಾಟಾ ಏಸ್ ಗಾಡಿಯ ಗಾಜು ಒರೆಸುತ್ತಿದ್ದ.

"ಏನ್ರಿ ಕಾಕಾ, ಚೀಲ ಹಿಡ್ಕೊಂಡು ಎತ್ಲಾಗ ಹೊಂಟ್ರಿ?"

"ಇಲ್ಲೇ, ಸವಣೂರಿಗೆ."

"ಸವಣೂರಿಗೆ ಖಾಲಿ ಚೀಲ ಯಾಕ್ರಿ?"

ಖಾರದ ತಿಂಡಿ ತರುತ್ತೇನೆ ಎನ್ನಬಹುದಿತ್ತು. ವೀಳ್ಯದೆಲೆ ತರುತ್ತೇನೆ ಎಂದಿದ್ದರೂ ಯಾರೂ ಬೇಡ ಎನ್ನುತ್ತಿರಲಿಲ್ಲ. ಕರಿಬಸಪ್ಪನಿಗೆ ಸುಳ್ಳು ಹೊಳೆಯುವುದು ಯಾವಾಗಲೂ ಎದುರಿನವನು ಹೋದ ಮೇಲೆ.

"ಹಾಡು ಕೇಳೂ ಸಾಮಾನು ತರೂದಿತ್ತಪಾ. ಆಂಪ್ಲಿಫೈಯರು, ಸ್ಪೀಕರು."

"ಯಾರಿಗ್ರಿ?"

"ನನಗ."

"ನಿಮಗ?" ಸುನೀಲ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ಕರಿಬಸಪ್ಪನಿಗೆ ಹುಚ್ಚುನಾಯಿ ಕಚ್ಚಿದೆ ಎಂದು ಕೇಳಿದ್ದರೂ ಅವನ ಮುಖ ಅಷ್ಟು ಬದಲಾಗುತ್ತಿರಲಿಲ್ಲ. "ಬಸ್ಸಿನ್ಯಾಗ ಯಾಕ ತರ್ತೀರಿ? ಗಾಡಿ ಹತ್ರಿ. ನಾನೂ ಸವಣೂರಿಗೇ ಹೊಂಟೇನಿ. ಸಂಜಿಕ ಗುಡ್ಯಾಗ ಪುರಾಣ ಚಾಲೂ ಆಗ್ತೈತಿ, ಎಲಿ ತರಬೇಕು. ಬಾಡಿಗಿ ಏನೂ ಬ್ಯಾಡ ಬಿಡ್ರಿ."

ಸುನೀಲ ಓಣಿಯ ಬಸವಣ್ಣನ ಗುಡಿಯ ಪುರಾಣ ಕಮಿಟಿಯ ಕಾರ್ಯದರ್ಶಿ. ಪ್ರತಿ ಶ್ರಾವಣದಲ್ಲಿ ತಿಂಗಳಿಡೀ ಅಲ್ಲಿ ಸಂಜೆ ಪುರಾಣ ನಡೆಯುತ್ತದೆ. ಬಾಡಿಗೆ ಬೇಡ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿ ಕರಿಬಸಪ್ಪನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಅವನು ಚೀಲಗಳನ್ನು ಹಿಂದೆ ಎಸೆದು, ಸುನೀಲನ ಪಕ್ಕದಲ್ಲಿ ಹೋಗಿ ಕುಳಿತ.

ಈ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಸ್ಪೀಕರಿನ ಹುಚ್ಚು ಹಿಡಿದದ್ದು ಯಾಕೆ ಎಂದು ಕೇಳುತ್ತೀರಿ. ಹರೆಯದಲ್ಲಿ ಅವನು ಹಾನಗಲ್ಲಿನ ಒಬ್ಬ ಸಂಗೀತ ಮಾಸ್ತರರ ಹತ್ತಿರ ಹಾಡು ಕಲಿಯಲು ಹೋಗುತ್ತಿದ್ದ. ಗಂಟಲು ಒಲಿಯಲಿಲ್ಲ. ಮಾಸ್ತರರು ಒಳ್ಳೆಯವರು. ಬೈದು ಕಳಿಸುವ ಬದಲು ತಮ್ಮ ಹಿಂದೆ ತಂಬೂರಿ ಕೊಟ್ಟು ಕೂರಿಸಿದರು. ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅವನು ತಂಬೂರಿ ಹಿಡಿದು ಕುಳಿತ ಅವರ ಹಾಡಿನ ಬೈಠಕ್ ಆದಾಗ ಯಾರೋ ಅದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರು. ಮುಂದೆ ಕರಿಬಸಪ್ಪನಿಗೆ ನೌಕರಿ ಸಿಕ್ಕಿತು, ಮದುವೆಯಾಯಿತು, ಮಾಸ್ತರರು ತೀರಿಕೊಂಡರು. ಅವನು ವರ್ಷವರ್ಷವೂ ಹುಡುಗರಿಗೆ ವರ್ಗಾವಣೆ ಪತ್ರ ಬರೆದುಕೊಡುತ್ತ ಬೋಳಾದ.

ಹೋದ ವರ್ಷ ಮಾಸ್ತರರ ಮೊಮ್ಮಗಳು ರಂಜನಾ ಆ ಹಳೆಯ ಕ್ಯಾಸೆಟ್ಟಿನ ಹಾಡನ್ನು ಅವನ ಮೊಬೈಲಿಗೆ ಕಳಿಸಿದಳು. ಕರಿಬಸಪ್ಪ ಬಾಗಿಲು ಹಾಕಿಕೊಂಡು ಕೇಳಿದ. ಮಾಸ್ತರರ ದನಿ ಇತ್ತು. ಹಾರ್ಮೋನಿಯಮ್ಮಿನ ಏದುಸಿರು ಇತ್ತು, ತಬಲಾ ಇತ್ತು, ಮುಂದೆ ಕುಳಿತ ಯಾರದೋ ಕೆಮ್ಮೂ ಸ್ಪಷ್ಟವಾಗಿ ಇತ್ತು. ತಂಬೂರಿ ಮಾತ್ರ ಇರಲಿಲ್ಲ. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದ, ತಾಮ್ರದ ಚರಿಗೆಯಲ್ಲಿ ಇಟ್ಟು ಕೇಳಿದ, ಕಿವಿಗೆ ಹಾಕುವ ವೈರು ತಂದು ಕೇಳಿದ. ಇಲ್ಲ. ತನ್ನ ಬದುಕಿನಲ್ಲಿ ತಾನು ಮಾಡಿದ ಒಂದೇ ಒಂದು ಚೆಂದದ ಕೆಲಸ ಆ ಹಾಡಿನೊಳಗೆ ಎಲ್ಲೋ ಇದೆ, ತನಗೇ ಕೇಳುತ್ತಿಲ್ಲ ಎಂಬ ಸಂಕಟ ಅವನನ್ನು ಹಿಡಿಯಿತು. ಒಳ್ಳೆಯ ಆಂಪ್ಲಿಫೈಯರು, ಒಳ್ಳೆಯ ಸ್ಪೀಕರು ಇದ್ದರೆ ಕೇಳೀತು ಎಂದು ರಂಜನಾಳೇ ಹೇಳಿದಳು.

ಅಂದಿನಿಂದ ಅವನು ಆಫೀಸಿನಲ್ಲಿ ಫೈಲಿನ ಮರೆಯಲ್ಲಿ ಮೊಬೈಲು ಇಟ್ಟುಕೊಂಡು ಓದಿದ್ದೇ ಓದಿದ್ದು. ವ್ಯಾಟಿನ ಅಂಕಿ ನೋಡಿ ಮರುಳಾಗಬಾರದು. ರೊಕ್ಕದ ದೊಡ್ಡ ಪಾಲು ಸ್ಪೀಕರಿಗೆ ಹೋಗಬೇಕು. ಮಿಂಚುವ ದೀಪಕ್ಕೆ ದುಡ್ಡು ಕೊಡಬಾರದು. ತನಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಹಾಕಿಸಿ ಕೇಳದೆ ಏನನ್ನೂ ಕೊಳ್ಳಬಾರದು. ಇದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ರಜೆ ಮಾರಿ ಬಂದ ಹಣದಲ್ಲಿ ಹೆಂಡತಿ ವೀರವ್ವ ಹದಿನೈದು ಸಾವಿರ ಬಿಟ್ಟುಕೊಟ್ಟಿದ್ದಳು. ಅಷ್ಟು ಬಿಡಿಸಿಕೊಳ್ಳುವಷ್ಟರಲ್ಲಿ ಅವನ ಅರ್ಧ ಜೀವ ಹೋಗಿತ್ತು.

ಗಾಡಿ ಊರು ಬಿಡುವ ಮೊದಲೇ ಸುನೀಲ ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಫೋನು ಹಿಡಿದ. "ಅಧ್ಯಕ್ಷರ, ಎಲಿ ತರಾಕ ಹೊಂಟೇನ್ರಿ. ಹಾಂ, ಕರಿಬಸಪ್ಪ ಕಾಕಾನೂ ಅದಾರ. ಸವಣೂರಾಗ ದೊಡ್ಡ ಸೆಟ್ ತಗೊಳ್ಳಾಕ ಹೊಂಟಾರ. ಹೌದ್ರಿ! ನಮ್ಮ ಕಾಕಾ!" ಸವಣೂರು ಬರುವಷ್ಟರಲ್ಲಿ ಈ ಸುದ್ದಿಯನ್ನು ಅವನು ಇನ್ನೂ ನಾಲ್ಕಾರು ಮಂದಿಗೆ ಹೇಳಿದ. ಪ್ರತಿ ಸಲವೂ ಸೆಟ್ಟು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು.

ಬಾಬಾಜಾನನ ಅಂಗಡಿ ಸವಣೂರಿನ ಪೇಟೆಯ ಕೊನೆಯಲ್ಲಿದೆ. ಹಳೆಯ ಟೀವಿ, ಮಿಕ್ಸರು, ಟೇಪು ಎಲ್ಲ ಅಲ್ಲಿಗೆ ಬಂದು ಸೇರುತ್ತವೆ. ಕೆಲವು ರಿಪೇರಿಯಾಗಿ ಹೋಗುತ್ತವೆ, ಹೆಚ್ಚಿನವು ಅಲ್ಲೇ ಮಣ್ಣಾಗುತ್ತವೆ. ಬಾಬಾಜಾನ ಎಲೆ ಅಡಿಕೆ ತುಂಬಿದ ಬಾಯಿಂದಲೇ ಸ್ವಾಗತ ಮಾಡಿದ.

"ಬರ್ರಿ ಬರ್ರಿ, ಕುಂದರ್ರಿ. ಯಾ ಫಂಕ್ಷನ್ನಿಗೆ ಬೇಕ್ರಿ? ಮದವೀಗೋ, ಗಣಪತೀಗೋ?"

"ಮನ್ಯಾಗ ಕೇಳಾಕ," ಎಂದ ಕರಿಬಸಪ್ಪ.

"ಮನಿ ಎಷ್ಟು ದೊಡ್ಡದೈತ್ರಿ?"

"ಎರಡು ಖೋಲಿ."

ಬಾಬಾಜಾನ ಯೋಚಿಸಿ, ಎದೆಮಟ್ಟದ ಎರಡು ಕರಿ ಪೆಟ್ಟಿಗೆಗಳ ಮೇಲಿನ ಬಟ್ಟೆ ಸರಿಸಿದ. ಅದಕ್ಕೆ ತಕ್ಕ ಆಂಪ್ಲಿಫೈಯರಿನ ಮುಖದ ಮೇಲೆ ಐದು ಸಾವಿರ ವ್ಯಾಟ್ ಎಂಬ ಚೀಟಿ ಇತ್ತು. ಗುಂಡಿ ಒತ್ತಿದೊಡನೆ ಕೆಂಪು, ಹಸಿರು, ನೀಲಿ ದೀಪಗಳು ಓಡಾಡಿದವು. ಒಂದು ಡೋಲಿನ ಹಾಡು ಶುರುವಾಗಿ ಕಪಾಟಿನಲ್ಲಿದ್ದ ಸ್ಕ್ರೂಗಳೆಲ್ಲ ಕುಣಿದವು. ಬೀದಿಯಲ್ಲಿ ಮಲಗಿದ್ದ ಎಮ್ಮೆ ಎದ್ದು ಹೋಯಿತು.

"ಇದು ನೋಡ್ರಿ ಧಮ್ ಅಂದ್ರ!" ಎಂದು ಸುನೀಲ ಎದೆ ಹಿಡಿದುಕೊಂಡ. "ಇದನ್ನ ತಗೋರಿ ಕಾಕಾ. ಎದಿಯಾಗ ಹೊಡೀತೈತಿ."

"ನನಗ ಎದಿಯಾಗ ಹೊಡೀದು ಬ್ಯಾಡೋ. ಕಿವಿಗೆ ಕೇಳಿದ್ರ ಸಾಕು."

ಕರಿಬಸಪ್ಪ ಮೂಲೆಯಲ್ಲಿ ಕುಳಿತಿದ್ದ ಒಂದು ಜೊತೆ ಸಣ್ಣ ಮರದ ಸ್ಪೀಕರುಗಳನ್ನು ತೋರಿಸಿದ. ಯಾರೋ ಡಾಕ್ಟರರ ಮನೆಯಿಂದ ಬಂದವು, ಶೋಕಿಯ ಸಾಮಾನು ಎಂದು ಬಾಬಾಜಾನ ಹೇಳಿದ. ಕರಿಬಸಪ್ಪ ಜಾಲರಿ ತೆಗೆಸಿ ನೋಡಿದ. ಒಳಗಿನ ಕಾಗದದ ಪರದೆ ಹರಿದಿರಲಿಲ್ಲ, ಅದರ ಅಂಚಿನ ರಬ್ಬರು ಬಿರಿದಿರಲಿಲ್ಲ. ಮೊಬೈಲಿನಲ್ಲಿ ವರ್ಷವೆಲ್ಲ ನೋಡಿದ್ದ ಜಾತಿಯದೇ. ಅವುಗಳ ಜೊತೆ ಒಂದು ಜಪಾನಿ ಆಂಪ್ಲಿಫೈಯರು ಕೂಡಿದರೆ ಸ್ವರ್ಗ. ಆದರೆ ಎರಡೂ ಸೇರಿದರೆ ಅವನ ರೊಕ್ಕ ದಾಟಿ ಬಹಳ ದೂರ ಹೋಗುತ್ತಿತ್ತು. ಜಪಾನಿ ಬಿಡಬೇಕು, ಇಲ್ಲ ಮರದ ಪೆಟ್ಟಿಗೆ ಬಿಡಬೇಕು.

"ಸ್ಪೀಕರು ಇವೇ ಇರ್ಲಿ," ಎಂದ ಅವನು, ಮಗಳಿಗೆ ವರ ಗೊತ್ತು ಮಾಡಿದವನಂತೆ. "ಇದಕ್ಕ ಹೊಂದೂವಂಥಾದ್ದು ಸಾದಾ ಆಂಪ್ಲಿಫೈಯರು ಯಾವುದೈತಿ?"

"ನಾನ ಕೂಡಿಸಿದ್ದು ಒಂದೈತ್ರಿ. ಸ್ಟೀಲಿನ ಡಬ್ಬಿ, ನೋಡಾಕ ಚಂದಿಲ್ಲ. ಒಳಗ ಸಾಮಾನು ಅಸಲ್."

ಅಷ್ಟರಲ್ಲಿ ಸುನೀಲನ ಫೋನು ಹೊಡೆದುಕೊಂಡಿತು. ಅವನು ಹೊರಗೆ ಹೋಗಿ, ಬಹಳ ಹೊತ್ತು ಮಾತಾಡಿ, ಬೇರೆ ಮನುಷ್ಯನಾಗಿ ಒಳಗೆ ಬಂದ. ಕರಿಬಸಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಣ್ಣುಗಳು ಸ್ವಲ್ಪ ಒದ್ದೆಯಾಗಿದ್ದವು.

"ಕಾಕಾ, ನೀವು ಇಂಥಾವ್ರು ಅಂತ ನನಗ ಗೊತ್ತಿದ್ದಿಲ್ರಿ."

"ಎಂಥಾವ್ರು?"

"ಇರ್ಲಿ ಬಿಡ್ರಿ. ನಾ ಏನೂ ಅನ್ನೂದಿಲ್ಲ." ಆಮೇಲೆ ಬಾಬಾಜಾನನ ಕಡೆ ತಿರುಗಿದ. "ಈ ಡಬ್ಬಿಗೆ ಮೈಕಿನ ತೂತು ಐತೇನ್ರಿ?"

"ಎರಡು ಅದಾವ."

"ಹಂಗಾರ ಇದ ಇರ್ಲಿ."

"ನನಗ ಮೈಕ್ ಯಾಕ ಬೇಕು?" ಎಂದು ಕರಿಬಸಪ್ಪ ಕೇಳಿದ. "ತೂತು ಇಲ್ಲದ್ದು ಇದ್ರ ಕೊಡ್ರಿ."

"ತೂತಿಗೆ ರೊಕ್ಕ ಹಚ್ಚಿಲ್ರಿ," ಎಂದ ಬಾಬಾಜಾನ. "ಫುಕಟ್ ಬಂದದ್ದು. ನಿಮಗ ಬ್ಯಾಡಾದ್ರ ಟೇಪ್ ಹಚ್ಚಿ ಮುಚ್ಚಿ ಕೊಡ್ತೇನಿ."

ಸುನೀಲ ಟೇಪು ಹಚ್ಚಲು ಬಿಡಲಿಲ್ಲ. ಬದಲಿಗೆ ಬಾಬಾಜಾನನ ಜೊತೆ ಚೌಕಾಶಿಗೆ ಇಳಿದ. ಎಂಥ ಚೌಕಾಶಿ ಅದು! ಬೈದ, ನಗಿಸಿದ, ಎದ್ದು ಹೋದಂತೆ ಮಾಡಿದ, ಕಿವಿಯಲ್ಲಿ ಏನೋ ಉಸುರಿದ. ಉಸುರಿದ್ದನ್ನು ಕೇಳಿ ಬಾಬಾಜಾನನೂ ಕರಿಬಸಪ್ಪನನ್ನು ಮರ್ಯಾದೆಯಿಂದ ನೋಡಿ, ವೈರು, ಪಿನ್ನು, ಮೊಬೈಲಿಗೆ ಚುಚ್ಚುವ ಕೇಬಲ್ಲು ಎಲ್ಲ ಸೇರಿಸಿ ಅವನ ರೊಕ್ಕಕ್ಕೇ ಒಪ್ಪಿದ. ಜಗತ್ತಿನಲ್ಲಿ ಇನ್ನೂ ಒಳ್ಳೆಯತನ ಉಳಿದಿದೆ ಎಂದು ಕರಿಬಸಪ್ಪನಿಗೆ ಅನಿಸಿತು. ಅದು ಅವನ ಹಳೆಯ ರೋಗ.

"ಒಂದು ನಿಮಿಷ ನನ್ನ ಹಾಡು ಹಾಕಿ ಕೇಳ್ತೇನಿ," ಎಂದು ಅವನು ಮೊಬೈಲು ತೆಗೆದ. ಕೇಬಲ್ಲು ಚುಚ್ಚಿದ. ಹಾಡು ಹುಡುಕಿ ಒತ್ತಿದ. ಕರೆಂಟು ಹೋಯಿತು.

ಕಾದರು. ಚಹಾ ತರಿಸಿಕೊಂಡು ಕುಡಿದರು. ಕರೆಂಟು ಬರಲಿಲ್ಲ. ಎಲೆ ಬಾಡುತ್ತವೆ ಎಂದು ಸುನೀಲ ಅವಸರ ಮಾಡಿದ. "ಮನ್ಯಾಗ ಕೇಳ್ರಿ ಸಾಹೇಬ್ರ, ಸರಿ ಬರ್ಲಿಲ್ಲಂದ್ರ ವಾಪಸ್ ತರ್ರಿ," ಎಂದು ಬಾಬಾಜಾನ ಧೈರ್ಯ ಹೇಳಿದ. ಕೇಳದೆ ಕೊಳ್ಳಬಾರದು ಎಂಬ ಪಾಠವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದ್ದೇನೆ ಎಂದು ಕರಿಬಸಪ್ಪ ಸಮಾಧಾನ ಮಾಡಿಕೊಂಡ. ಬರುವಾಗ ಜಿಟಿಜಿಟಿ ಮಳೆ. ಸ್ಪೀಕರುಗಳು ಎಲೆಯ ಪೆಂಡಿಗಳ ನಡುವೆ ಗೋಣಿಚೀಲದೊಳಗೆ ಇದ್ದವು. ಆಂಪ್ಲಿಫೈಯರನ್ನು ಅವನು ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ಅಂಗಿಯ ತುದಿಯಿಂದ ಒರೆಸುತ್ತ ಬಂದ.

ಓಣಿಯಲ್ಲಿ ಜನ ಸೇರಿತ್ತು. ಇಳಿಯುತ್ತಲೇ ಬೈಗುಳ, ಕುಹಕ, ಈ ವಯಸ್ಸಿನಲ್ಲಿ ಹಾಡಂತೆ ಎಂಬ ಮಾತು ಕೇಳಲು ಸಿದ್ಧನಾಗಿ ಕರಿಬಸಪ್ಪ ತಲೆ ತಗ್ಗಿಸಿಕೊಂಡೇ ಇಳಿದ. ಆದರೆ ಆದದ್ದೇ ಬೇರೆ. ಎದುರು ಮನೆಯ ಇಮಾಮಬಿ ಬಾಗಿಲಿಗೆ ಬಂದು, "ಚಲೋ ಕೆಲಸಾ ಮಾಡಿದ್ರಿ ಭಾಯಿ, ದೇವರು ಒಳ್ಳೇದು ಮಾಡ್ಲಿ," ಎಂದಳು. ಇಬ್ಬರು ಹೆಂಗಸರು ಗೋಣಿಚೀಲಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ಕಾಳಿನ ವ್ಯಾಪಾರಿಯೂ ಪುರಾಣ ಕಮಿಟಿಯ ಅಧ್ಯಕ್ಷರೂ ಆದ ಮೆಣಸಿನಕಾಯಿಯವರು ಸ್ವತಃ ಛತ್ರಿ ಹಿಡಿದು ಬಂದು ಆಂಪ್ಲಿಫೈಯರಿನ ಒಂದು ಬದಿ ಎತ್ತಿದರು. ಅವರು ತಮ್ಮ ಅಂಗಡಿಯ ಚೀಲವನ್ನೂ ಎಂದೂ ಎತ್ತಿದವರಲ್ಲ.

"ಇಂಥಾ ಮನಸು ಎಲ್ಲರಿಗೂ ಬರೂದಿಲ್ಲ ಕರಿಬಸಪ್ಪಾ," ಎಂದರು.

"ಸಣ್ಣಾಂವ ಇದ್ದಾಗಿಂದ ಇತ್ರಿ ಮನಸು," ಎಂದ ಕರಿಬಸಪ್ಪ. ಇಷ್ಟು ವರ್ಷ ಈ ಓಣಿಯನ್ನು ತಾನು ತಪ್ಪು ತಿಳಿದಿದ್ದೆ, ಇಲ್ಲಿಯೂ ಸಂಗೀತದ ಬೆಲೆ ಗೊತ್ತಿದ್ದವರು ಇದ್ದಾರೆ ಎಂದುಕೊಂಡ. ನಾಚಿಕೆಯೂ ಆಯಿತು.

ಒಳಗೆ ವೀರವ್ವ ರೇಶಿಮೆ ಸೀರೆ ಉಟ್ಟು ಗಡಿಬಿಡಿಯಲ್ಲಿದ್ದಳು. ಗಂಡನ ಮುಖ ನೋಡಲಿಲ್ಲ. ಕರಿಬಸಪ್ಪ ಪಡಸಾಲೆಯಲ್ಲಿ ಎರಡೂ ಸ್ಪೀಕರು ಇಟ್ಟು, ನಡುವೆ ತಾನು ಕೂರುವ ಜಾಗವನ್ನು ಗೋಡೆಯಿಂದ ಅಳೆದು ಗೊತ್ತು ಮಾಡಿ, ವೈರು ಜೋಡಿಸಿ, ಪಿನ್ನು ಚುಚ್ಚಲು ಬಗ್ಗಿದ.

"ಅಯ್ಯ, ಈಗ ಹಚ್ಚಬ್ಯಾಡ್ರಿ!" ವೀರವ್ವ ಓಡಿ ಬಂದು ಪಿನ್ನು ಕಿತ್ತುಕೊಂಡಳು. "ಮೊದಲ ಗುಡಿಗೆ ಒಯ್ದು ಪೂಜಾ ಮಾಡಸ್ರಿ."

"ಮಿಕ್ಸರ್ ತಂದಾಗ ಗುಡಿಗೆ ಒಯ್ದಿದ್ದೇನು?"

"ಅದಕ್ಕ ಅದು ಎರಡು ತಿಂಗಳದಾಗ ಸುಟ್ಟಿದ್ದು."

ಮಿಕ್ಸರು ಸುಟ್ಟದ್ದು ನಿಜ. ಒಂದು ಕಾಯಿ ಒಡೆಸಿ, ಕುಂಕುಮ ಹಚ್ಚಿಸಿ ತಂದರೆ ರಾತ್ರಿ ಊಟದ ಮೊದಲು ಹಾಡು ಕೇಳಬಹುದು ಎಂದು ಅವನು ಲೆಕ್ಕ ಹಾಕಿದ. ವರ್ಷ ಕಾದವನಿಗೆ ಒಂದು ತಾಸು ಏನು ಮಹಾ. ಹೊರಗೆ ಸುನೀಲ ಗಾಡಿಯನ್ನು ಆಗಲೇ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ್ದ. ವೈರು ಬಿಚ್ಚುವುದು ಬೇಡ, ಹಂಗೇ ತರ್ರಿ ಎಂದ. ಮೆಣಸಿನಕಾಯಿಯವರು ಛತ್ರಿ ಹಿಡಿದು ಸ್ಪೀಕರುಗಳ ಪಕ್ಕದಲ್ಲಿ ನಡೆದರು.

ಗುಡಿಯ ಮುಂದೆ ತಗಡಿನ ಮಂಟಪದ ಕೆಳಗೆ ಜಮಖಾನೆ ಹಾಸಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುಳಿತಿದ್ದರು. ಪ್ರತಿ ವರ್ಷ ಬರುವ ಮೈಕಿನವನು ಹಾನಗಲ್ಲಿನ ಯಾವುದೋ ಸಭೆಗೆ ಹೆಚ್ಚಿನ ಬಾಡಿಗೆ ಸಿಕ್ಕಿತೆಂದು ಅಲ್ಲಿಗೆ ಹೋಗಿಬಿಟ್ಟಿದ್ದ. ಪೂಜಾರಿ ಸ್ಪೀಕರುಗಳಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿದ. ಕಾಯಿಯ ನೀರು ಒಳಗೆ ಹೋಗದ ಹಾಗೆ ಕರಿಬಸಪ್ಪ ಎರಡೂ ಕೈ ಅಡ್ಡ ಹಿಡಿದು ಕಾಪಾಡಿಕೊಂಡ. ಮುಗಿಯಿತು ಎಂದು ಅವನು ಗೋಣಿಚೀಲ ಬಿಡಿಸುವಷ್ಟರಲ್ಲಿ ಸುನೀಲ ಪಿನ್ನು ಚುಚ್ಚಿ, ಗುಡಿಯ ಮೈಕನ್ನು ಆ ತೂತಿಗೆ ಸೇರಿಸಿ, "ಹಲೋ, ಹಲೋ," ಎಂದ.

ಆಹಾ, ಏನು ದನಿ! ಸುನೀಲನ ಒಡಕು ಗಂಟಲೂ ಆ ಸ್ಪೀಕರಿನಲ್ಲಿ ಮನುಷ್ಯನದಾಗಿತ್ತು. ಆರಿಸಿದ್ದು ಸರಿಯಾಗಿದೆ ಎಂದು ಕರಿಬಸಪ್ಪನಿಗೆ ಹೆಮ್ಮೆಯಾಯಿತು. ಅದೇ ಹೆಮ್ಮೆಯಲ್ಲಿ ಮೆಣಸಿನಕಾಯಿಯವರ ಮಾತು ಮೊದಲು ತಲೆಗೆ ಹೋಗಲಿಲ್ಲ.

"ನಮ್ಮ ಓಣಿಯ ಹೆಮ್ಮೆಯ ಶರಣ ದಂಪತಿಗಳು, ಶ್ರೀ ಕರಿಬಸಪ್ಪನವರು ಮತ್ತು ಶ್ರೀಮತಿ ವೀರವ್ವನವರು, ಬಸವಣ್ಣನ ಸನ್ನಿಧಿಗೆ ಈ ಧ್ವನಿವರ್ಧಕವನ್ನು ಶಾಶ್ವತ ಸೇವೆಯಾಗಿ ಅರ್ಪಿಸಿದ್ದಾರೆ. ಅವರು ವೇದಿಕೆಗೆ ಬಂದು ಸನ್ಮಾನ ಸ್ವೀಕರಿಸಬೇಕು."

ಚಪ್ಪಾಳೆ ಬಿತ್ತು. ಯಾರೋ ಕರಿಬಸಪ್ಪನನ್ನು ಹಿಂದಿನಿಂದ ನೂಕಿದರು. ಪುರಾಣ ಹೇಳಲು ಬಂದಿದ್ದ ಶಾಸ್ತ್ರಿಗಳು ಅವನ ಹೆಗಲಿಗೆ ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಪಕ್ಕದಲ್ಲಿ ವೀರವ್ವ ಸೆರಗು ಹೊದ್ದು ನಿಂತಿದ್ದಳು. ಎದುರಿಗೆ ಹತ್ತಾರು ಮೊಬೈಲುಗಳು ಫೋಟೋ ತೆಗೆಯುತ್ತಿದ್ದವು.

"ಏನಿದು?" ಎಂದು ಅವನು ತುಟಿ ಅಲ್ಲಾಡಿಸದೆ ಕೇಳಿದ.

"ನಗ್ರಿ, ಫೋಟೋ ತಗ್ಯಾಕತ್ತಾರ."

"ದಾನ ಅಂತ ಯಾರು ಹೇಳಿದ್ರು ಇವರಿಗೆ?"

"ನಾನು."

"ನಿನಗ ತಲಿ..."

"ಮತ್ತೇನ್ ಹೇಳ್ಲಿ? ಹೋದ ವಾರ ಪುರಾಣದ ಪಟ್ಟಿ ರೊಕ್ಕ ಕೇಳಾಕ ಬಂದಾಗ ನೀವು ಬಚ್ಚಲದಾಗ ಅಡಗಿ ಕುಂತು, ಈ ಸಲ ಕೈ ಬಿಗಿ ಐತಿ ಅಂತ ಹೇಳು ಅಂದ್ರಿ. ಹೇಳಿದ್ನಿ. ಇವತ್ತು ಗಾಡಿ ತುಂಬ ಸೆಟ್ ಬರಾಕತ್ತೈತಿ ಅಂತ ಓಣಿ ತುಂಬ ಸುದ್ದಿ. ಅಧ್ಯಕ್ಷರ ಮನಿಯಾಕಿನ ನಮ್ಮ ಬಾಗಿಲಕ ಬಂದು ನಿಂತು ಕೇಳಿದ್ಲು, ಪಟ್ಟಿಗೆ ಇಲ್ಲದ ರೊಕ್ಕ ಇದಕ್ಕೆಲ್ಲಿಂದ ಬಂತು ಅಂತ. ನಮ್ಮ ಮನಿಯವ್ರು ಹಾಡು ಕೇಳಾಕ ತರಾಕತ್ತಾರ ಅನ್ಲೇನು? ಗುಡಿಗೆ ಕೊಡಾಕ ತರಾಕತ್ತಾರ ಅಂದ್ನಿ. ಬಾಯಿಗೆ ಅದ ಬಂತು."

"ಹಾಡು ಕೇಳಾಕ ಅಂತನ ಅನ್ಬೇಕಿತ್ತು."

"ನೀವ ಅನ್ರಿ ಈಗ. ಮೈಕ್ ನಿಮ್ಮ ಕೈಯಾಗ ಕೊಡ್ತಾರ."

ವೀರವ್ವನ ಕಣ್ಣಲ್ಲಿ ನೀರಿತ್ತು. ಹೆದರಿಕೆಯದೋ ಸಿಟ್ಟಿನದೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸುನೀಲ ಮೈಕು ತಂದು ಹಿಡಿದ. "ಕಾಕಾ, ಎರಡು ಮಾತು. ಮುಂಜಾನಿ ನನ್ನ ಮುಂದ ‘ನನಗ’ ಅಂದ್ರಲ್ರಿ, ಹೆಸರು ಬರಬಾರ್ದು ಅಂತ ಎಷ್ಟು ಮುಚ್ಚಿಟ್ರಿ! ಕಾಕಿ ಹೇಳಿದ್ರಂತ ಅಧ್ಯಕ್ಷರ ಫೋನ್ ಬಂದಾಗ ನನಗ ಅಳುನ ಬಂತು."

ಕರಿಬಸಪ್ಪ ಮೈಕು ಹಿಡಿದ. ನಿಜ ಹೇಳಿಬಿಡಬೇಕೆಂದೇ ಹಿಡಿದ. ಇದು ನನ್ನದು, ನಾನು ಕೇಳಲಿಕ್ಕೆ ತಂದದ್ದು, ದಯವಿಟ್ಟು ವಾಪಸ್ಸು ಕೊಡಿ ಎಂಬ ಮೂರು ಮಾತು ನಾಲಿಗೆಯ ತುದಿಯಲ್ಲಿದ್ದವು. ಎದುರಿಗೆ ಓಣಿಯೆಲ್ಲ ಕುಳಿತಿತ್ತು. ವರ್ಷಗಟ್ಟಲೆ ಅವನ ನಮಸ್ಕಾರಕ್ಕೆ ತಲೆಯನ್ನೂ ಆಡಿಸದಿದ್ದ ಜನ ಇಂದು ಅವನ ಬಾಯನ್ನೇ ನೋಡುತ್ತಿದ್ದರು.

"ಬಂಧುಗಳೇ," ಎಂದ. ಆ ದನಿ ಅವನಿಗೇ ಗುರುತು ಸಿಗಲಿಲ್ಲ. ಸ್ಪೀಕರಿನಿಂದ ಬಂದ ಕರಿಬಸಪ್ಪ ತುಂಬು ಗಂಟಲಿನ ಗಂಭೀರ ಮನುಷ್ಯನಾಗಿದ್ದ. ಅವನಿಗೆ ಆ ಮನುಷ್ಯ ಬಹಳ ಹಿಡಿಸಿದ. "ಈ ಸೇವಾ... ನಾನು... ಸಂತೋಷದಿಂದ ಮಾಡೇನಿ."

ಚಪ್ಪಾಳೆ ಜೋರಾಯಿತು. ಹೋದದ್ದು ಹೋಯಿತು. ಹೋದದ್ದರಿಂದ ಒಂದಿಷ್ಟು ಹೆಸರಾದರೂ ಉಳಿಯಲಿ ಎಂಬ ಆಸೆ ಅವನಿಗೆ ಆ ಕ್ಷಣದಲ್ಲಿ ಹುಟ್ಟಿತು. ಅಲ್ಲೇ ನಿಲ್ಲಿಸಿದ್ದರೆ ಹಣ್ಣಿನ ಬುಟ್ಟಿ, ಶಾಲು ಹಿಡಿದು ಮನೆಗೆ ಹೋಗಬಹುದಿತ್ತು.

"ನಿಮಗೆಲ್ಲ ಗೊತ್ತಿಲ್ಲ. ನಾನೂ ಒಬ್ಬ ಸಂಗೀತಗಾರ. ಹಾನಗಲ್ಲಿನ ನಮ್ಮ ಮಾಸ್ತರ ಹಿಂದ ತಂಬೂರಿ ನಾನ ಬಾರಸ್ತಿದ್ನಿ. ಆ ಹಾಡು ನನ್ನ ಮೊಬೈಲಿನ್ಯಾಗ ಐತಿ. ಅದರಾಗ ತಂಬೂರಿ ನಂದು."

"ಹಾಕ್ರಿ, ಹಾಕ್ರಿ!" ಎಂದರು ಮೆಣಸಿನಕಾಯಿಯವರು. "ಪುರಾಣ ಚಾಲೂ ಆಗೂ ಮೊದಲ ನಮ್ಮ ಕರಿಬಸಪ್ಪನವರ ತಂಬೂರಿ ಕೇಳೂಣು. ಎಲ್ಲಾರೂ ಶಾಂತ ರೀತಿಯಿಂದ ಕುಂತು ಕೇಳ್ರಿ."

ಕೇಬಲ್ಲು ಚುಚ್ಚಿದರು. ಕರಿಬಸಪ್ಪ ತನ್ನ ಎರಡು ಸ್ಪೀಕರುಗಳ ನಡುವೆ ಶಾಲು ಹೊದ್ದು ಕುಳಿತ. ಮಂಟಪದ ಮೇಲೆ ಮಳೆ ನಿಂತಿತ್ತು. ಮೊದಲು ಯಾರದೋ ಕೆಮ್ಮು ಕೇಳಿತು. ಮಾಸ್ತರರು ಇನ್ನೂ ಬಾಯಿ ತೆರೆದಿರಲಿಲ್ಲ. ಆಗ ಕೇಳಿತು, ತಂಬೂರಿ.

ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿತು. ಬೆರಳು ತಂತಿಗೆ ತಾಗಿ ಬಿಡುವುದೂ ಕೇಳಿತು. ಅದು ಅವನ ಬೆರಳು, ಇಪ್ಪತ್ತರ ಹರೆಯದ ಬೆರಳು. ಇದ್ದೆ, ನಾನೂ ಅಲ್ಲಿ ಇದ್ದೆ ಎಂದು ಕರಿಬಸಪ್ಪನ ಎದೆ ಉಬ್ಬಿತು. ಕಣ್ಣಿಂದ ನೀರು ಇಳಿಯಿತು. ಶಾಲಿನ ತುದಿಯಿಂದ ಒರೆಸಿಕೊಂಡು ಸಭೆಯನ್ನು ನೋಡಿದ. ಎಲ್ಲರೂ ಅವನನ್ನು ನೋಡುತ್ತಿದ್ದರು. ಹೆಂಗಸರ ಸಾಲಿನಲ್ಲಿ ವೀರವ್ವ ತಲೆ ಎತ್ತಿ ಕುಳಿತಿದ್ದಳು, ಮದುವೆಯಾದ ಹೊಸತರಲ್ಲಿ ಕುಳಿತಂತೆ. ಸೆಟ್ಟು ಹೋದದ್ದಕ್ಕೆ ಅವನಿಗೆ ಆಗ ನಿಜಕ್ಕೂ ದುಃಖವಿರಲಿಲ್ಲ.

ಪುರಾಣಕ್ಕೆ ಸಾಥ್ ಕೊಟ್ಟು ಹಾಡುವ ಗವಾಯಿಗಳು ಚಹಾ ಮುಗಿಸಿ ಈಗ ಒಳಗೆ ಬಂದರು. ಭಾಷಣ ಅವರು ಕೇಳಿರಲಿಲ್ಲ. ಹಾರ್ಮೋನಿಯಮ್ಮಿನ ಮುಂದೆ ಕುಳಿತು, ಮೈಕನ್ನು ತಮ್ಮ ಕಡೆ ಎಳೆದುಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಕೇಳಿದರು. ಹುಳಿ ತಿಂದವರಂತೆ ಮುಖ ಕಿವುಚಿದರು.

"ಯಾರ್ರೀ ಇದು?" ಎಂದರು. ಮೈಕು ಚಾಲೂ ಇತ್ತು. "ಹಾಡವ್ರು ಭಾಳ ದೊಡ್ಡವ್ರು ಅದಾರ. ಆದ್ರ ಈ ತಂಬೂರಿ ಬಾರಸಾಂವ ಕಿವಿ ಮನ್ಯಾಗ ಬಿಟ್ಟು ಬಂದಾನೇನ್ರಿ? ಪಂಚಮದ ತಂತಿ ಇಳದೈತಿ, ಅಂವಗ ಖಬರ ಇಲ್ಲ, ಹಂಗ ಬಡ್ಯಾಕತ್ತಾನ. ಪಾಪ, ಹಾಡವ್ರು ಅವನ ಕೈಯಾಗ ಸಿಗದಂಗ ತಪ್ಪಿಸ್ಕೊಂಡು ಹಾಡಾಕತ್ತಾರ."

ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು. ಅದು ನಗು ಎಂದು ಎಲ್ಲರಿಗೂ ತಿಳಿಯಿತು. ವೀರವ್ವ ಸೆರಗು ಮುಂದಕ್ಕೆ ಎಳೆದುಕೊಂಡಳು. ಶಾಸ್ತ್ರಿಗಳು ಗವಾಯಿಗಳ ಮೊಣಕಾಲು ಚಿವುಟಿದರು. ಗವಾಯಿಗಳಿಗೆ ಅರ್ಥವಾಗದೆ, "ಅಲ್ರಿ, ಖರೇನ ಹೇಳಾಕತ್ತೇನಿ, ಸಣ್ಣ ಹುಡುಗರಿಗೂ ತಿಳೀತೈತಿ," ಎಂದು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿದರು.

ಕರಿಬಸಪ್ಪ ಮತ್ತೆ ಕಿವಿಗೊಟ್ಟು ಕೇಳಿದ. ಇಳಿದಿತ್ತು. ನಾಲ್ಕು ತಂತಿಗಳಲ್ಲಿ ಒಂದು, ಪ್ರತಿ ಸುತ್ತಿನಲ್ಲೂ, ನಿಯತ್ತಾಗಿ, ತಪ್ಪದೆ ಬೇಸೂರಾಗಿ ಬರುತ್ತಿತ್ತು. ಈಗ ಬೇರೆ ಏನೂ ಕೇಳಿಸದಷ್ಟು ಅದೇ ಕೇಳುತ್ತಿತ್ತು. ಮಾಸ್ತರರ ದನಿ ಅದರ ಪಕ್ಕದಲ್ಲಿ ನಾಜೂಕಾಗಿ ದಾಟಿಕೊಂಡು ಹೋಗುತ್ತಿತ್ತು. ಅವರು ಅಂದೂ ಬೈದಿರಲಿಲ್ಲ, ಮುಂದೆಂದೂ ಒಂದು ಮಾತು ಹೇಳಿರಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಕರಿಬಸಪ್ಪನಿಗೆ ಅನಿಸಿತು.

ಸುನೀಲ ಮೆಲ್ಲಗೆ ಬಂದು ಕೇಬಲ್ಲು ಕಿತ್ತು, ಮೊಬೈಲನ್ನು ಅವನ ಕೈಗಿಟ್ಟ. ಏನಾದರೂ ಸಮಾಧಾನ ಹೇಳಬೇಕೆಂದು ಅವನಿಗೆ ಅನಿಸಿರಬೇಕು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಿವಿಯ ಹತ್ತಿರ ಬಗ್ಗಿದ.

"ಮನಸಿಗೆ ಹಚ್ಕೋಬ್ಯಾಡ್ರಿ ಕಾಕಾ. ಸೆಟ್ ಮಾತ್ರ ಭಾಳ ಚಲೋ ಆರಿಸೀರಿ. ನಮ್ಮ ಹಳೇ ಬಾಡಿಗಿ ಮೈಕಿನ್ಯಾಗ ಆಗಿದ್ರ ಇದು ಯಾರಿಗೂ ಗೊತ್ತ ಆಗ್ತಿದ್ದಿಲ್ಲ."